ಒಂದು ಪೆಟ್ಟಿಗೆ ಟೀಮ್ ಕಾಮಿಕ್ಸ್: ಎಣಿಸಿ, ಒರೆಸಿ, ಒತ್ತಿ, ಬೆಲೆ ಕಟ್ಟಿದ ಕೆಲಸದ ದಾಖಲೆ

ಸೂಪರ್‌ಹೀರೋಗಳ ತಂಡಗಳ ಕಥೆ ಹೇಳುವ ಹಳೆಯ ಅಮೆರಿಕನ್ ಕಾಮಿಕ್ಸ್‌ನ ಪೆಟ್ಟಿಗೆ ಇದು. ಮುಕ್ಕಾಲು ಪಾಲು ಮಾರ್ವೆಲ್ ಪ್ರಕಾಶನದ ಎಕ್ಸ್-ಮೆನ್. 1975ರ 94ನೇ ಸಂಚಿಕೆಯಿಂದ 1981ರ 143ರವರೆಗೆ, ನಡುವೆ ಅಲ್ಲಲ್ಲಿ ಒಂದೊಂದು ಇಲ್ಲ. ಅದರ ಹಿಂದೆ ಎಪ್ಪತ್ತರ ದಶಕದ ಅವೆಂಜರ್ಸ್, ಇನ್ನೊಂದು ಪ್ರಕಾಶನವಾದ ಡಿಸಿಯ ನ್ಯೂ ಟೀನ್ ಟೈಟನ್ಸ್‌ನ ಆರಂಭದ ಸಂಚಿಕೆಗಳು, ಕೊನೆಗೆ 1990–91ರ ಸುಮಾರಿನ ನ್ಯೂ ಮ್ಯೂಟೆಂಟ್ಸ್ ಮತ್ತು ಎಕ್ಸ್-ಫೋರ್ಸ್. ಎಲ್ಲವೂ ಹಳೆಯ ಪ್ಲಾಸ್ಟಿಕ್ ಚೀಲಗಳಲ್ಲಿವೆ. ಚೀಲಗಳು ಸುಕ್ಕುಗಟ್ಟಿವೆ, ಟೇಪು ಹಳದಿಯಾಗಿದೆ, ಹಿಂದಿಟ್ಟ ರಟ್ಟು ಕಂದು ತಿರುಗಿದೆ, ಮುಚ್ಚಳ ತೆಗೆದರೆ ಮುಗ್ಗಲು ವಾಸನೆ.

ಇಂಥ ಪೆಟ್ಟಿಗೆ ಕಂಡವರೆಲ್ಲ ಮೊದಲು ಕೇಳುವುದು ಎಷ್ಟು ಬೆಲೆ ಬಾಳುತ್ತೆ ಅಂತ. ನಾನು ಆ ಪ್ರಶ್ನೆಯನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ. ‘ಎಕ್ಸ್-ಮೆನ್ 94ಕ್ಕೆ ಎಷ್ಟು?’ ಎಂಬ ಮಾತಿಗೆ ಉತ್ತರವೇ ಇಲ್ಲ. ಕೈಯಲ್ಲಿರುವ ಈ ಒಂದು ಪ್ರತಿಗೆ ಎಷ್ಟು ಎನ್ನುವುದಕ್ಕೆ ಮಾತ್ರ ಉತ್ತರ ಇದೆ. ಅದರಲ್ಲಿ ಹಾಳೆಗಳೆಲ್ಲ ಇವೆಯೇ, ಪಿನ್ನು ಮೂಲದ್ದೇ, ಯಾರಾದರೂ ಬಣ್ಣ ಹಚ್ಚಿದ್ದಾರೆಯೇ, ಪಿನ್ನು ಹೊಡೆದ ಮಡಿಕೆಯ ಅಂಚು, ಅಂದರೆ ಬೆನ್ನು, ಎಷ್ಟು ಸವೆದಿದೆ, ಇವಿಷ್ಟು ಗೊತ್ತಾದ ಮೇಲೆಯೇ ಮಾರುಕಟ್ಟೆಯ ಕಡೆ ತಿರುಗಬೇಕು.

ಚೀಲದಿಂದ ಹೊರಗೆ

ಮೊದಲ ಅಪಾಯ ಟೇಪು. ಚೀಲದ ಬಾಯಿಯ ಟೇಪು ಬಿಡಿಸಿ ಪುಸ್ತಕವನ್ನು ಮೇಲಕ್ಕೆ ಎಳೆದರೆ ಆ ಅಂಟು ಮುಖಪುಟದ ಮೇಲಂಚಿಗೆ ತಾಗಿ ಬಣ್ಣವನ್ನೇ ಕಿತ್ತುಕೊಂಡು ಬರುತ್ತೆ. ಅದಕ್ಕಾಗಿ ಟೇಪನ್ನು ಮುಟ್ಟದೆ, ಚೀಲವನ್ನು ಬೋರಲು ಹಾಕಿ, ರಟ್ಟಿರುವ ಹಿಂಬದಿಯಿಂದ ಉದ್ದಕ್ಕೆ ಸೀಳಿ, ರಟ್ಟಿನ ಸಮೇತ ಪುಸ್ತಕವನ್ನು ಎತ್ತಿಕೊಳ್ಳುತ್ತೇನೆ. ಹಳೆಯ ಚೀಲ ಹೇಗೂ ಕಸಕ್ಕೆ ಹೋಗುವಂಥದ್ದು, ಅದನ್ನು ಉಳಿಸುವ ಆಸೆ ಬೇಡ.

ಕೈ ತೊಳೆದು ಪೂರ್ತಿ ಒಣಗಿಸಿಕೊಂಡರೆ ಸಾಕು. ಹತ್ತಿಯ ಕೈಗವಸು ನನಗೆ ಒಗ್ಗುವುದಿಲ್ಲ. ಹಾಳೆಯ ಅಂಚು ಬೆರಳಿಗೆ ತಿಳಿಯುವುದೇ ಇಲ್ಲ, ಮೂಲೆ ಮಡಚಿಹೋಗುವುದು ಆಗಲೇ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿಕೊಳ್ಳುವುದು ಒಳ್ಳೆಯದು. ಪುಸ್ತಕದಿಂದ ಉದುರಿದ ಚೂರು ಏನೇ ಇದ್ದರೂ, ತುಕ್ಕಿನ ಪುಡಿಯಾಗಲಿ, ಅಂಚಿನ ಕಾಗದವಾಗಲಿ, ಅದರ ಮೇಲೆ ಕಾಣುತ್ತೆ. ಯಾವ ಪುಸ್ತಕ ಎಷ್ಟು ಒಣಗಿ ಪೆಡಸಾಗಿದೆ ಅನ್ನುವುದಕ್ಕೆ ಅದೇ ಮೊದಲ ಗುರುತು.

ಇದು ಯಾವ ಪ್ರತಿ

ಮುಖಪುಟ ನೋಡಿ ಹೆಸರು ಬರೆದುಕೊಳ್ಳುವುದರಿಂದ ಗೊಂದಲ ಶುರು. ಒಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಪ್ರಕಾಶನ ವಿವರವೇ ಅಧಿಕೃತ. ಎಕ್ಸ್-ಮೆನ್ ವಿಷಯದಲ್ಲಿ ಇದು ನೇರವಾಗಿ ತೊಂದರೆ ಕೊಡುತ್ತೆ: ಮುಖಪುಟದಲ್ಲಿ ‘ಅನ್‌ಕ್ಯಾನಿ’ ಎಂಬ ಮಾತು 114ರಿಂದಲೇ ಕಾಣುತ್ತಾದರೂ ಪ್ರಕಾಶನ ವಿವರದಲ್ಲಿ ಹೆಸರು ಬದಲಾದದ್ದು 142ನೇ ಸಂಚಿಕೆಯಲ್ಲಿ. ಪಟ್ಟಿಯಲ್ಲಿ ಒಂದೇ ಸರಣಿಯನ್ನು ಎರಡು ಹೆಸರಿನಲ್ಲಿ ಬರೆದುಕೊಂಡರೆ ಮುಂದೆ ಮಾರಾಟದ ದಾಖಲೆ ಹುಡುಕುವಾಗ ಅರ್ಧ ಸಿಗುತ್ತೆ, ಅರ್ಧ ತಪ್ಪಿಹೋಗುತ್ತೆ. ನಾನು ಒಂದೇ ಹೆಸರಿನಲ್ಲಿ ಬರೆದು, ಇನ್ನೊಂದನ್ನು ಪಕ್ಕದ ಅಂಕಣದಲ್ಲಿ ಇಟ್ಟಿದ್ದೇನೆ.

ಮರುಮುದ್ರಣಗಳನ್ನೂ ಇಲ್ಲೇ ಬೇರ್ಪಡಿಸಬೇಕು. 1986ರಲ್ಲಿ ಶುರುವಾದ ಕ್ಲಾಸಿಕ್ ಎಕ್ಸ್-ಮೆನ್ ಇದೇ ಕಥೆಗಳನ್ನು ಮತ್ತೆ ಅಚ್ಚು ಹಾಕಿತು. ಮುಖಪುಟ ಹರಿದುಹೋದ ಪ್ರತಿಯಾದರೆ ಕಥೆಯೊಂದನ್ನೇ ನೋಡಿ ಮೂಲ ಎಂದು ನಂಬಿಬಿಡುವ ಅಪಾಯ ಇದೆ. 1966ರ ಗೋಲ್ಡನ್ ರೆಕಾರ್ಡ್ ಮರುಮುದ್ರಣಗಳಲ್ಲಿ ಅವೆಂಜರ್ಸ್ 4 ಕೂಡ ಇದೆ, ಅದರ ಗುರುತು ಮುಖಪುಟದಲ್ಲಿ ಬೆಲೆಯೇ ಇಲ್ಲದಿರುವುದು. ಮೂಲ ಸಂಚಿಕೆ 1964ರ ಮಾರ್ಚ್‌ನದು, ಕ್ಯಾಪ್ಟನ್ ಅಮೆರಿಕ ಹಿಮಗಡ್ಡೆಯಿಂದ ಎದ್ದು ತಂಡ ಸೇರುವ ಕಥೆ. ಬೆಲೆಯ ಜಾಗ ಖಾಲಿ ಕಂಡರೆ ಅಲ್ಲಿಗೆ ನಿಲ್ಲಿ.

ಬೆಲೆಯ ಪೆಟ್ಟಿಗೆಯನ್ನು ಇನ್ನೊಂದು ಕಾರಣಕ್ಕೂ ಓದಬೇಕು. 1976ರಲ್ಲಿ ಮಾರ್ವೆಲ್ 25 ಸೆಂಟ್‌ನಿಂದ 30ಕ್ಕೆ ಏರುವ ಮುನ್ನ ಕೆಲವೇ ಊರುಗಳಲ್ಲಿ 30 ಸೆಂಟ್ ಅಚ್ಚು ಹಾಕಿ ಪರೀಕ್ಷೆ ಮಾಡಿತು. 1977ರಲ್ಲಿ 30ರಿಂದ 35ಕ್ಕೆ ಹೋಗುವಾಗಲೂ ಹಾಗೇ. ಎಕ್ಸ್-ಮೆನ್‌ನಲ್ಲಿ 98ರಿಂದ 100ರವರೆಗೆ 30 ಸೆಂಟ್ ಪ್ರತಿಗಳು, 105ರಿಂದ 107ರವರೆಗೆ 35 ಸೆಂಟ್ ಪ್ರತಿಗಳು ಹೀಗೆ ಬಂದವು. ಅವೆಂಜರ್ಸ್‌ನಲ್ಲಿ 146ರಿಂದ 150 ಮತ್ತು 160ರಿಂದ 164. ಒಳಗಿನ ಕಥೆ, ಕಾಗದ, ಚಿತ್ರ ಎಲ್ಲ ಒಂದೇ. ಮುಖಪುಟದ ಆ ಪುಟ್ಟ ಅಂಕಿ ಮಾತ್ರ ಬೇರೆ. ಆದರೆ ಆ ಪ್ರತಿಗಳು ಬಹಳ ಕಡಿಮೆ, ಅದಕ್ಕೇ ಸಾಮಾನ್ಯ ಪ್ರತಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ. ಹಾಗಾಗಿ ಈ ಸಂಚಿಕೆಗಳನ್ನು ಭೂತಗನ್ನಡಿ ಹಿಡಿದೇ ನೋಡಿದೆ. ಅಂಕಿಯ ಸುತ್ತ ಕಾಗದ ಕೆರೆದ ಗುರುತು ಇದೆಯೇ, ಶಾಯಿಯ ಚುಕ್ಕೆಗಳು ಪಕ್ಕದ ಅಕ್ಷರದಂತೆಯೇ ಇವೆಯೇ ಎಂದು. ಈ ಪೆಟ್ಟಿಗೆಯಲ್ಲಿ ಅಂಥವು ಇಲ್ಲ, ಎಲ್ಲವೂ ಸಾಮಾನ್ಯ ಬೆಲೆಯವೇ.

ಎಂಬತ್ತರ ದಶಕದ ಮತ್ತು ತೊಂಬತ್ತರ ಆರಂಭದ ಪುಸ್ತಕಗಳಲ್ಲಿ ಬಾರ್‌ಕೋಡ್ ಇದ್ದದ್ದು ಪತ್ರಿಕೆ ಅಂಗಡಿಗೆ ಹೋದ ಪ್ರತಿ, ಆ ಜಾಗದಲ್ಲಿ ಸ್ಪೈಡರ್-ಮ್ಯಾನ್ ಮುಖ ಅಥವಾ ಬೇರೆ ಚಿತ್ರ ಇದ್ದದ್ದು ಕಾಮಿಕ್ಸ್ ಅಂಗಡಿಗೆ ನೇರವಾಗಿ ಹೋದ ಪ್ರತಿ. ‘ನ್ಯೂಸ್‌ಸ್ಟ್ಯಾಂಡ್ ಪ್ರತಿ’ ಎಂದು ದೊಡ್ಡದಾಗಿ ಬರೆದು ಹೆಚ್ಚು ಬೆಲೆ ಕೇಳುವವರು ಬಹಳ ಜನ. ಯಾವ ವರ್ಷದ ಪುಸ್ತಕ ಎನ್ನುವುದನ್ನು ನೋಡದೆ ಅದನ್ನು ಒಪ್ಪಬಾರದು. 1980ರಲ್ಲಿ ಹೆಚ್ಚಿನ ಪ್ರತಿಗಳು ಹೋಗುತ್ತಿದ್ದದ್ದೇ ಪತ್ರಿಕೆ ಅಂಗಡಿಗೆ, ಅಲ್ಲಿ ಬಾರ್‌ಕೋಡ್ ವಿಶೇಷವಲ್ಲ. ತೊಂಬತ್ತರ ದಶಕಕ್ಕೆ ಬರುತ್ತ ಆ ಪಾಲು ಕುಗ್ಗಿತು, ಅಲ್ಲಿ ಚೆನ್ನಾಗಿ ಉಳಿದ ಬಾರ್‌ಕೋಡ್ ಪ್ರತಿ ನಿಜವಾಗಿಯೂ ಅಪರೂಪ. ಈ ಪೆಟ್ಟಿಗೆಯ ನ್ಯೂ ಮ್ಯೂಟೆಂಟ್ಸ್ 98 ಬಾರ್‌ಕೋಡ್ ಇರುವ ಪ್ರತಿ. 1991ರ ಫೆಬ್ರುವರಿಯ ಈ ಸಂಚಿಕೆ ಡೆಡ್‌ಪೂಲ್ ಮೊದಲು ಕಾಣಿಸಿಕೊಂಡದ್ದು, ಹಾಗಾಗಿ ಇಲ್ಲಿ ಆ ಗುರುತಿಗೆ ಬೆಲೆ ಇದೆ.

ತಂಡದ ಪುಸ್ತಕದಲ್ಲಿ ಬೆಲೆ ಎಲ್ಲಿ ಕೂತಿರುತ್ತೆ

ಒಬ್ಬನೇ ನಾಯಕನ ಪುಸ್ತಕಕ್ಕೂ ತಂಡದ ಪುಸ್ತಕಕ್ಕೂ ಬೆಲೆಯ ಹಂಚಿಕೆಯಲ್ಲಿ ದೊಡ್ಡ ವ್ಯತ್ಯಾಸ ಇದೆ, ನನಗೆ ಟೀಮ್ ಪುಸ್ತಕಗಳ ಮೇಲೆ ಪ್ರೀತಿ ಹುಟ್ಟಿದ್ದೂ ಇದರಿಂದಲೇ. ಒಬ್ಬನ ಪುಸ್ತಕದಲ್ಲಿ ಮೊದಲ ಸಂಚಿಕೆಗಳ ಮೇಲೆ ಭಾರ ಹೆಚ್ಚು. ತಂಡ ಹಾಗಲ್ಲ, ಅದಕ್ಕೆ ಜನ ಬರುತ್ತಾರೆ, ಹೋಗುತ್ತಾರೆ, ಸಾಯುತ್ತಾರೆ. ಆ ಒಂದೊಂದು ಬರುವಿಕೆಯೂ ಒಂದೊಂದು ಬೆಲೆಬಾಳುವ ಸಂಚಿಕೆ.

ಎಕ್ಸ್-ಮೆನ್ ಇದಕ್ಕೆ ಒಳ್ಳೆಯ ಸಾಕ್ಷಿ. 1963ರ ಸೆಪ್ಟೆಂಬರ್‌ನಲ್ಲಿ, ಅವೆಂಜರ್ಸ್ ಬಂದ ತಿಂಗಳಲ್ಲೇ, ಶುರುವಾದ ಪುಸ್ತಕ ಮಾರಾಟ ಸಾಲದೆ 67ನೇ ಸಂಚಿಕೆಯಿಂದ 93ರವರೆಗೆ ಬರೀ ಹಳೆಯ ಕಥೆಗಳ ಮರುಮುದ್ರಣವಾಗಿ ಕುಂಟಿತು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಜೈಂಟ್-ಸೈಜ್ ಎಕ್ಸ್-ಮೆನ್ 1ರಲ್ಲಿ ಸ್ಟಾರ್ಮ್, ನೈಟ್‌ಕ್ರಾಲರ್, ಕೊಲಾಸಸ್, ಥಂಡರ್‌ಬರ್ಡ್ ಇವರನ್ನು ತಂದು ಹೊಸ ತಂಡ ಕಟ್ಟಿದರು. 94ರಿಂದ ಕಥೆ ಬರೆಯಲು ಕ್ರಿಸ್ ಕ್ಲೇರ್‌ಮಾಂಟ್ ಸೇರಿದರು. 95ರಲ್ಲೇ ಥಂಡರ್‌ಬರ್ಡ್ ಸತ್ತ. 101ರಲ್ಲಿ ಹಳೆಯ ತಂಡದ ಜೀನ್ ಗ್ರೇ ಫೀನಿಕ್ಸ್ ಆಗಿ ಎದ್ದಳು. 108ರಿಂದ ಜಾನ್ ಬರ್ನ್ ಚಿತ್ರ. 109ರಲ್ಲಿ ವೆಪನ್ ಆಲ್ಫಾ, 120 ಮತ್ತು 121ರಲ್ಲಿ ಆಲ್ಫಾ ಫ್ಲೈಟ್, 129ರಲ್ಲಿ ಕಿಟ್ಟಿ ಪ್ರೈಡ್ ಮತ್ತು ಎಮ್ಮಾ ಫ್ರಾಸ್ಟ್, 130ರಲ್ಲಿ ಡ್ಯಾಜ್ಲರ್ ಮೊದಲ ಸಲ ಬಂದರು, 137ರಲ್ಲಿ ಫೀನಿಕ್ಸ್ ಸಾವು, 141 ಮತ್ತು 142ರಲ್ಲಿ ಕರಾಳ ಭವಿಷ್ಯವೊಂದರ ಕಥೆ. ಎರಡು ಬೆಲೆಯ ಸಂಚಿಕೆಗಳ ನಡುವೆ ಸಾಧಾರಣ ಬೆಲೆಯವು ನಾಲ್ಕಾರು. ಕಥೆಯ ದೃಷ್ಟಿಯಿಂದ ಅವು ಯಾವುದಕ್ಕೂ ಕಡಿಮೆಯಲ್ಲ.

ಇನ್ನೊಂದು ಮಾತು. ತಂಡ ನಿಜವಾಗಿ ಹುಟ್ಟುವುದು ಬಹಳ ಸಲ ಅದರ ಹೆಸರಿನ ಮೊದಲ ಸಂಚಿಕೆಯಲ್ಲಿ ಅಲ್ಲ. ಜಸ್ಟಿಸ್ ಲೀಗ್ ಮೊದಲು ಬಂದದ್ದು 1960ರ ದಿ ಬ್ರೇವ್ ಆ್ಯಂಡ್ ದಿ ಬೋಲ್ಡ್ 28ರಲ್ಲಿ. ಟೀನ್ ಟೈಟನ್ಸ್ ಬೀಜ ಅದೇ ಪತ್ರಿಕೆಯ 54ರಲ್ಲಿ. ಲೀಜನ್ ಆಫ್ ಸೂಪರ್-ಹೀರೋಸ್ 1958ರ ಅಡ್ವೆಂಚರ್ ಕಾಮಿಕ್ಸ್ 247ರಲ್ಲಿ, ಡೂಮ್ ಪಟ್ರೋಲ್ ಮೈ ಗ್ರೇಟೆಸ್ಟ್ ಅಡ್ವೆಂಚರ್ 80ರಲ್ಲಿ, ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ 1969ರ ಮಾರ್ವೆಲ್ ಸೂಪರ್-ಹೀರೋಸ್ 18ರಲ್ಲಿ. ಈ ಪೆಟ್ಟಿಗೆಗೆ ಸಂಬಂಧಪಟ್ಟದ್ದೆಂದರೆ ಡಿಸಿ ಕಾಮಿಕ್ಸ್ ಪ್ರೆಸೆಂಟ್ಸ್ 26. ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಅವರ ಹೊಸ ಟೈಟನ್ಸ್ 1980ರಲ್ಲಿ ಅದರೊಳಗೆ ಸೇರಿಸಿದ್ದ ಮುನ್ನೋಟದಲ್ಲಿ ಮೊದಲು ಬಂದರು, ಅವರದೇ ಪುಸ್ತಕದ ಮೊದಲ ಸಂಚಿಕೆ ಆಮೇಲಿನದು. ಹಾಗಾಗಿ ಪೆಟ್ಟಿಗೆ ವಿಂಗಡಿಸುವಾಗ ಸರಣಿಗೆ ಸೇರದ ಒಂಟಿ ಪುಸ್ತಕಗಳನ್ನು ಬದಿಗೆ ಸರಿಸಿಬಿಡಬಾರದು. ಟೈಟನ್ಸ್ ಕಟ್ಟಿನ ಮುಂದೆ ಸೂಪರ್‌ಮ್ಯಾನ್ ಮುಖಪುಟದ ಒಂದು ಪುಸ್ತಕ ಇತ್ತು. ಬೇರೆ ಕಡೆಯಿಂದ ಬಂದು ಸೇರಿಕೊಂಡದ್ದು ಎನ್ನಿಸುವ ಹಾಗಿದ್ದ ಅದೇ ಆ 26ನೇ ಸಂಚಿಕೆ.

ಹಾಳೆ ಎಣಿಕೆ

ಈ ಹಂತಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಆ ಕಾಲದ ಮಾಮೂಲಿ ಸಂಚಿಕೆಯಲ್ಲಿ ಮುಖಪುಟ ಬಿಟ್ಟು 32 ಪುಟ. ಅಂದರೆ ನಡುವೆ ಮಡಚಿ ಒಂದರೊಳಗೊಂದು ಸೇರಿಸಿ ಎರಡು ಪಿನ್ನು ಹೊಡೆದ 8 ಉದ್ದ ಹಾಳೆ, ಒಂದೊಂದರಲ್ಲಿ 4 ಪುಟ. ಒಂದು ಹಾಳೆ ಕಳಚಿಹೋದರೆ ಪುಸ್ತಕದ ಎರಡು ಕಡೆಯಿಂದ ಎರಡೆರಡು ಪುಟ ಮಾಯ. ನಟ್ಟನಡುವಿನ ಹಾಳೆ ಹೋದರೆ ಮಾತ್ರ ನಾಲ್ಕು ಪುಟ ಒಟ್ಟಿಗೆ ಹೋಗುತ್ತೆ. ಪಿನ್ನಿನಿಂದ ಸುಲಭವಾಗಿ ಕಳಚುವುದೂ ಅದೇ. ಅದು ಜಾಹೀರಾತುಗಳಿರುವ ಹಾಳೆಯಾದರೆ ಕಥೆ ಓದಿದವರಿಗೂ ಕೊರತೆ ಗೊತ್ತಾಗುವುದಿಲ್ಲ. ಆದ್ದರಿಂದ ಕಥೆ ಓದಿ ಪರೀಕ್ಷೆ ಮಾಡಬೇಡಿ, ಹಾಳೆ ಎಣಿಸಿ. ನಾನು ಪುಸ್ತಕವನ್ನು ನಡುವಿಗೆ ತೆರೆದು, ಎಡಕ್ಕೆ 16 ಪುಟ, ಬಲಕ್ಕೆ 16 ಪುಟ ಬರುತ್ತವೆಯೇ ನೋಡುತ್ತೇನೆ. ದೊಡ್ಡ ಸಂಚಿಕೆಗಳ ಲೆಕ್ಕ ಬೇರೆ. 137ನೇ ಸಂಚಿಕೆ 75 ಸೆಂಟ್‌ನ ದಪ್ಪ ಪುಸ್ತಕ.

ಕೆಲವು ಪ್ರತಿಗಳ ನಡುವೆ ದಪ್ಪ ಹೊಳಪು ಕಾಗದದ ಹೆಚ್ಚುವರಿ ಜಾಹೀರಾತು ಹಾಳೆ ಸಿಗುತ್ತೆ, ಮಾರ್ಕ್ ಜ್ಯುವೆಲರ್ಸ್ ಎಂಬ ಒಡವೆ ಅಂಗಡಿಯದು. ಅಮೆರಿಕದ ಸೇನಾ ನೆಲೆಗಳಿಗೆ ಹೋದ ಪ್ರತಿಗಳಲ್ಲಿ ಅದನ್ನು ಸೇರಿಸಿ ಪಿನ್ನು ಹೊಡೆಯುತ್ತಿದ್ದರು. ಅದು ಬೇರೆ ಕಡೆಯಿಂದ ಬಂದ ಕಾಗದ ಎಂದು ಕಿತ್ತುಹಾಕಬೇಡಿ. ಅದನ್ನೇ ಹುಡುಕಿ ಕೊಳ್ಳುವವರಿದ್ದಾರೆ, ಕಿತ್ತರೆ ಪಿನ್ನೂ ಸಡಿಲವಾಗುತ್ತೆ. ಎಣಿಕೆಯಲ್ಲಿ ಮಾತ್ರ ಅದನ್ನು ಬಿಟ್ಟು ಲೆಕ್ಕ ಹಾಕಬೇಕು.

ಇನ್ನು ಕತ್ತರಿ ಗುರುತು. 1974ರಿಂದ ಮಾರ್ವೆಲ್ ಓದುಗರ ಪತ್ರಗಳ ಪುಟದಲ್ಲಿ ‘ವ್ಯಾಲ್ಯೂ ಸ್ಟಾಂಪ್’ ಅಚ್ಚು ಹಾಕಿತು, ಕತ್ತರಿಸಿ ಆಲ್ಬಂಗೆ ಅಂಟಿಸಿಕೊಳ್ಳಿ ಎಂದಿತು. ಮಕ್ಕಳು ಸಂತೋಷದಿಂದ ಕತ್ತರಿಸಿದರು. ಇದರ ಅತಿ ಪ್ರಸಿದ್ಧ ಬಲಿ ವುಲ್ವರಿನ್ ಮೊದಲ ಸಲ ಪೂರ್ತಿಯಾಗಿ ಕಾಣಿಸಿಕೊಂಡ 1974ರ ಇನ್‌ಕ್ರೆಡಿಬಲ್ ಹಲ್ಕ್ 181. ಸ್ಟಾಂಪ್ ಹೋದ ಪ್ರತಿಗೆ ಬೆಲೆ ತೀರ ಕೆಳಗಿಳಿಯುತ್ತೆ. ಈ ಪೆಟ್ಟಿಗೆಯಲ್ಲಿ ಹಲ್ಕ್ ಇಲ್ಲ, ಆದರೆ ಆ ವರ್ಷಗಳ ಅವೆಂಜರ್ಸ್ ಇವೆ, ಕೆಲವುಗಳ ಪತ್ರದ ಪುಟದಲ್ಲಿ ಚೊಕ್ಕವಾದ ಚೌಕ ಕಿಟಕಿ ಇದೆ. ಜಾಹೀರಾತಿನ ಕೂಪನ್ ಕತ್ತರಿಸಿದಲ್ಲಿಯೂ ಹಾಗೇ ಹಿಂಬದಿ ನೋಡಬೇಕು. ಅಲ್ಲಿ ಕಥೆಯ ಚೌಕ ಹೋಗಿದ್ದರೆ ಕೊರತೆ ಇನ್ನೂ ದೊಡ್ಡದು. ಅಂಥ ಪುಸ್ತಕಗಳನ್ನು ಓದುವ ಪ್ರತಿಗಳ ಸಾಲಿಗೆ ಹಾಕಿದ್ದೇನೆ, ಮುಂದಿನ ದುಬಾರಿ ಕೆಲಸ ಅವಕ್ಕೆ ಬೇಕಿಲ್ಲ.

ಓರೆ ಬೆಳಕಿನಲ್ಲಿ

ಸ್ಥಿತಿ ನೋಡಲು ಮೇಲಿನ ದೀಪ ಆರಿಸಿ, ಮೇಜಿನ ಮಟ್ಟದಲ್ಲಿ ಒಂದೇ ದೀಪ ಪಕ್ಕದಿಂದ ಬೀಳುವಂತೆ ಇಟ್ಟುಕೊಂಡೆ. ನೇರ ಬೆಳಕಿನಲ್ಲಿ ಸಪಾಟಾಗಿ ಕಾಣುವ ಮುಖಪುಟ ಓರೆ ಬೆಳಕಿನಲ್ಲಿ ತಗ್ಗುದಿಣ್ಣೆಗಳನ್ನೆಲ್ಲ ತೋರಿಸಿಬಿಡುತ್ತೆ. ಬೆರಳೊತ್ತಿದ ಗುಳಿ, ಅಂಚೆಯಲ್ಲಿ ಉದ್ದಕ್ಕೆ ಮಡಚಿ ಕಳಿಸಿದ್ದರ ಗೆರೆ, ಓದುವಾಗ ಹಿಂದಕ್ಕೆ ಮಡಚಿ ಹಿಡಿದು ಬೆನ್ನು ಒಂದು ಕಡೆಗೆ ಉರುಳಿದ್ದು.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಣ್ಣ ಒಡೆದಿದೆಯೇ? ಕಾಗದ ಬಾಗಿದ್ದರೂ ಶಾಯಿಯ ಪದರ ಅಖಂಡವಾಗಿದ್ದರೆ ಆ ಗುರುತು ಒತ್ತಿದರೆ ಹೋಗಬಹುದು. ಶಾಯಿ ಒಡೆದು ಒಳಗಿನ ಬಿಳಿ ನಾರು ಕಂಡರೆ ಯಾವ ಯಂತ್ರವೂ ಅದನ್ನು ಮುಚ್ಚಲಾರದು. ಪಿನ್ನಿನ ಅಕ್ಕಪಕ್ಕ ಬೆನ್ನಿನ ಮೇಲೆ ಅಡ್ಡಡ್ಡ ಬೀಳುವ ಸಣ್ಣ ಗೆರೆಗಳನ್ನು ಸಂಗ್ರಾಹಕರು ಸ್ಪೈನ್ ಟಿಕ್ ಅನ್ನುತ್ತಾರೆ. ಕಪ್ಪು ಅಥವಾ ಗಾಢ ಬಣ್ಣದ ಮುಖಪುಟದಲ್ಲಿ ಅವು ಎದ್ದು ಕಾಣುತ್ತವೆ, ಬಿಳಿ ಮುಖಪುಟದಲ್ಲಿ ಅಡಗಿರುತ್ತವೆ.

ದರ್ಜೆಯ ಅಳತೆ 0.5ರಿಂದ 10ರವರೆಗೆ. 2.0 ಗುಡ್, 4.0 ವೆರಿ ಗುಡ್, 6.0 ಫೈನ್, 8.0 ವೆರಿ ಫೈನ್, 9.4 ನಿಯರ್ ಮಿಂಟ್. ಹೆಸರುಗಳನ್ನು ನಂಬಿ ಮೋಸಹೋಗಬಾರದು, ‘ಗುಡ್’ ಅಂದರೆ ಚೆನ್ನಾಗಿ ಬಳಸಿ ಸವೆದ ಪುಸ್ತಕ. ನಾನು ಪ್ರತಿ ಪುಸ್ತಕಕ್ಕೂ ದೋಷ ಬರೆದ ಮೇಲೆಯೇ ಅಂಕ ಬರೆಯುತ್ತೇನೆ. ಮೊದಲೇ ಅಂಕ ಮನಸ್ಸಿಗೆ ಬಂದರೆ ಕಣ್ಣು ಅದಕ್ಕೆ ತಕ್ಕ ದೋಷವನ್ನು ಮಾತ್ರ ಹುಡುಕುತ್ತೆ. ಪೆಟ್ಟಿಗೆಯ ಹೆಚ್ಚಿನ ಎಕ್ಸ್-ಮೆನ್ 6.0 ಆಸುಪಾಸಿನಲ್ಲಿವೆ, ಕೆಲವು 8.0 ದಾಟುತ್ತವೆ. 94ರ ಬೆನ್ನಿನಲ್ಲಿ ಬಣ್ಣ ಒಡೆದ ಗೆರೆಗಳಿವೆ, ಅದು 5.0.

ವಾಸನೆ, ಕೊಳೆ

ಮುಗ್ಗಲು ವಾಸನೆಗೆ ಸುಗಂಧ ಹಾಕುವುದು ಪರಿಹಾರವಲ್ಲ. ಜೀವಂತ ಬೂಷ್ಟು ಇಲ್ಲ ಎಂದು ಖಾತರಿ ಮಾಡಿಕೊಂಡು, ಮುಚ್ಚಳವಿರುವ ದೊಡ್ಡ ಡಬ್ಬಿಯ ತಳದಲ್ಲಿ ಆಕ್ಟಿವೇಟೆಡ್ ಇದ್ದಿಲು ಹರಡಿ, ಅದಕ್ಕೆ ತಾಗದಂತೆ ಮೇಲೊಂದು ಜಾಲರಿ ಇಟ್ಟು, ಪುಸ್ತಕಗಳನ್ನು ಸ್ವಲ್ಪ ಬಿಡಿಸಿ ನಿಲ್ಲಿಸಿದೆ. ವಾಸನೆ ನಿಧಾನವಾಗಿ ಇಳಿಯುತ್ತೆ, ಅವಸರ ಮಾಡಿ ಬಿಸಿಲಿಗೆ ಇಡಬೇಡಿ. ಅಗ್ಗದ ಮರದ ತಿರುಳಿನಿಂದ ಮಾಡಿದ ಈ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇದೆ. ಬೆಳಕು, ಗಾಳಿ, ಬಿಸಿ ಸೇರಿ ಅದನ್ನು ಹಳದಿ ಮಾಡಿ, ಹುಳಿ (ಆಮ್ಲ) ಹುಟ್ಟಿಸಿ, ಕೊನೆಗೆ ಹಾಳೆಯನ್ನೇ ಪುಡಿ ಮಾಡುತ್ತವೆ.

ಮುಖಪುಟದ ಕೊಳೆಗೆ ವಲ್ಕನೈಸ್ ಮಾಡಿದ ರಬ್ಬರ್ ಸ್ಪಂಜು, ಒಣಗಿದ್ದಂತೆಯೇ, ಒಂದೇ ದಿಕ್ಕಿನಲ್ಲಿ, ನಡುವಿನಿಂದ ಅಂಚಿಗೆ. ಅಂಚಿನಿಂದ ಒಳಕ್ಕೆ ಒರೆಸಿದರೆ ಹರಿದ ತುದಿ ಸಿಕ್ಕಿಕೊಂಡು ಮುಂದಕ್ಕೆ ಸೀಳುತ್ತೆ. ಬಿಳಿ ಭಾಗದಲ್ಲಿ ಮೆದು ರಬ್ಬರನ್ನು ಎಚ್ಚರದಿಂದ ಬಳಸಿದೆ. ಗಾಢ ಬಣ್ಣದ ಮೇಲೆ ರಬ್ಬರ್ ಇಡಲೇಬೇಡಿ. ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತೆ. ಕೆಲವು ಮುಖಪುಟಗಳ ಮೇಲೆ ಅಂಗಡಿಯವರು ಪುಸ್ತಕ ಬಂದ ದಿನವನ್ನು ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಅಳಿಸಿದರೆ ಹೋಗುವಂಥದ್ದೇ, ಆದರೂ ಅದನ್ನು ನಾನು ಅಳಿಸಲಿಲ್ಲ. ಮುಖಪುಟದಲ್ಲಿ ಅಚ್ಚಾದ ತಿಂಗಳು ನಿಜವಾದ ಮಾರಾಟದ ದಿನಕ್ಕಿಂತ ಎರಡು ಮೂರು ತಿಂಗಳು ಮುಂದಿನದು. ಆ ಪುಸ್ತಕ ಯಾವಾಗ ಓದುಗರ ಕೈ ಸೇರಿತು ಎನ್ನುವುದಕ್ಕೆ ಈ ಪೆನ್ಸಿಲ್ ಗುರುತೇ ಸಾಕ್ಷಿ, ನನಗೆ ಅದು ಪುಸ್ತಕದ ಭಾಗ.

ಒತ್ತುವುದು

ಒತ್ತುವ ಮೊದಲು ಕೊಳೆ ತೆಗೆದಿರಲೇಬೇಕು, ಇಲ್ಲದಿದ್ದರೆ ಅದೇ ಕೊಳೆಯನ್ನು ಕಾಗದದೊಳಕ್ಕೆ ಕೂರಿಸಿದಂತೆ. ವೃತ್ತಿಯವರು ಬಟ್ಟೆಗೆ ಚಿತ್ರ ಅಚ್ಚು ಹಾಕುವ ಬಿಸಿ ಪ್ರೆಸ್ ಬಳಸುತ್ತಾರೆ. ಸ್ವಲ್ಪ ತೇವ, ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ, ಆಮೇಲೆ ಭಾರದಡಿಯಲ್ಲೇ ತಣ್ಣಗಾಗುವವರೆಗೆ ಬಿಡುವುದು. ನಾರು ತೇವಕ್ಕೆ ಸಡಿಲವಾಗುತ್ತೆ, ಒತ್ತಡದಲ್ಲಿ ಒಣಗುವಾಗ ಸಪಾಟಾಗಿ ಕೂರುತ್ತೆ. ನಾನು ಮಾಡಿದ್ದು ಬಿಸಿ ಇಲ್ಲದ ಒತ್ತುವಿಕೆ. ನಿಧಾನದ ಕೆಲಸ, ಫಲವೂ ಸ್ವಲ್ಪ ಕಡಿಮೆ, ಆದರೆ ಕೈ ಮೀರಿ ಹಾಳಾಗುವ ಭಯವೂ ಕಡಿಮೆ.

ಜೋಡಣೆ ಹೀಗೆ. ನಯವಾದ ದಪ್ಪ ಹಲಗೆ, ಮೇಲೆ ಹುಳಿಯಿಲ್ಲದ ರಟ್ಟು, ಅದರ ಮೇಲೆ ಸಿಲಿಕೋನ್ ಸವರಿದ ರಿಲೀಸ್ ಪೇಪರ್, ಪುಸ್ತಕ, ಮತ್ತೆ ರಿಲೀಸ್ ಪೇಪರ್, ರಟ್ಟು, ಹಲಗೆ. ಮುಖಪುಟದ ಹೊಳಪು ಯಾವುದಕ್ಕೂ ಅಂಟದಿರಲು ಆ ರಿಲೀಸ್ ಪೇಪರ್ ಬೇಕೇ ಬೇಕು. ಪುಸ್ತಕದ ನಡುವೆಯೂ ಒಂದು ತೆಳು ರಟ್ಟನ್ನು ಬೆನ್ನಿನವರೆಗೆ ತಳ್ಳದೆ ಇಡುತ್ತೇನೆ. ಪಿನ್ನಿರುವ ಜಾಗ ಉಳಿದ ಭಾಗಕ್ಕಿಂತ ದಪ್ಪ. ಒಳಗೆ ಆಧಾರ ಇಲ್ಲದೆ ಒತ್ತಿದರೆ ಪಿನ್ನಿನ ಅಚ್ಚು ಮುಖಪುಟಕ್ಕೆ ಮೂಡುತ್ತೆ, ಇಲ್ಲವೇ ಪಿನ್ನಿನ ಸುತ್ತ ಕಾಗದ ಸೀಳಿ ಮುಖಪುಟ ಕಳಚುತ್ತೆ. ಭಾರ ಸಮನಾಗಿ ಬೀಳಬೇಕು, ಹಲಗೆಯ ಒಂದು ಮೂಲೆಗೆ ಹೆಚ್ಚಾಗಬಾರದು.

ಮೊದಲ ಪ್ರಯೋಗ ಬೆಲೆಯಿಲ್ಲದ ಎಕ್ಸ್-ಫೋರ್ಸ್ ಬಿಡಿ ಪ್ರತಿಗಳ ಮೇಲೆ. ಅದು ಸರಿಬಂದ ಮೇಲೆ ಓದುವ ಪ್ರತಿಗಳು, ಆಮೇಲೆ ಸಾಧಾರಣ ಎಕ್ಸ್-ಮೆನ್. ಉರುಳಿದ ಬೆನ್ನು ಬಹುಮಟ್ಟಿಗೆ ನೇರವಾಯಿತು, ಬೆರಳಿನ ಗುಳಿಗಳು ಹೋದವು, 123ರ ಹಿಂಬದಿಯ ಅಲೆ ಪೂರ್ತಿ ಕೂತುಕೊಂಡಿತು. ಅಂಚೆ ಮಡಿಕೆಯ ಗೆರೆ ಹಾಗೇ ಉಳಿಯಿತು, ಅಲ್ಲಿ ಬಣ್ಣ ಒಡೆದಿತ್ತು. 94, 101, 129 ಮತ್ತು ನ್ಯೂ ಮ್ಯೂಟೆಂಟ್ಸ್ 98 ಈ ಹಲಗೆಗಳಿಗೆ ಬರಲಿಲ್ಲ. ಅವಕ್ಕೆ ಅನುಭವಿ ಕೈಯೇ ಬೇಕು.

ಮುಟ್ಟದೆ ಬಿಟ್ಟದ್ದು

ತುಕ್ಕು ಹಿಡಿದ ಪಿನ್ನನ್ನು ತೆಗೆದು ಹೊಸದು ಹಾಕುವುದು ಸುಲಭವಾಗಿ ಕಾಣುತ್ತೆ. ಬೇಡ. ಪಿನ್ನು ಬದಲಾದದ್ದು ದರ್ಜೆ ಕೊಡುವವರಿಗೆ ತಿಳಿಯುತ್ತೆ, ಕಾಗದಕ್ಕೆ ಇಳಿದ ಕಂದು ಕಲೆ ಹೇಗೂ ಹೋಗುವುದಿಲ್ಲ. ಒಣಗಿಸಿ ಇಟ್ಟರೆ ತುಕ್ಕು ಮುಂದುವರಿಯುವುದು ನಿಧಾನವಾಗುತ್ತೆ, ಅಷ್ಟೇ ಸಾಧ್ಯ.

ಹರಿದಲ್ಲಿ ಟೇಪು ಹಾಕುವುದೂ ಬೇಡ. ಮಾಮೂಲಿ ಟೇಪಿನ ಅಂಟು ವರ್ಷ ಕಳೆದಂತೆ ಹಳದಿಯಾಗಿ ನಾರಿನೊಳಗೆ ಇಳಿದು, ಹಾಳೆಯ ಇನ್ನೊಂದು ಬದಿಗೂ ಮೂಡುತ್ತೆ. ಒಡೆದ ಬಣ್ಣದ ಮೇಲೆ ಮಾರ್ಕರ್ ಎಳೆದು ಮುಚ್ಚುವುದನ್ನಂತೂ ನಾನು ಪುಸ್ತಕಕ್ಕೆ ಮಾಡುವ ಅನ್ಯಾಯ ಎಂದೇ ತಿಳಿದಿದ್ದೇನೆ. ಕಾಮಿಕ್ಸ್‌ಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುವ, 2000ರಲ್ಲಿ ಕೆಲಸ ಶುರುಮಾಡಿದ ಸಿಜಿಸಿ ಸಂಸ್ಥೆ ಒತ್ತಿದ್ದನ್ನು, ಒಣ ಕೊಳೆ ತೆಗೆದದ್ದನ್ನು ದುರಸ್ತಿ ಎಂದು ಎಣಿಸುವುದಿಲ್ಲ. ಬಣ್ಣ ಹಚ್ಚಿದ್ದನ್ನು ಎಣಿಸುತ್ತೆ, ನೀಲಿ ಚೀಟಿಯ ಬದಲು ನೇರಳೆ ಚೀಟಿ ಕೊಡುತ್ತೆ. ಆ ನೇರಳೆ ಬಣ್ಣ ಕಂಡ ಕೂಡಲೇ ಬಹಳಷ್ಟು ಕೊಳ್ಳುವವರು ಹಿಂದೆ ಸರಿಯುತ್ತಾರೆ. ಅವೆಂಜರ್ಸ್‌ನ ಒಂದು ಪ್ರತಿಯ ಬೆನ್ನಿನಲ್ಲಿ ಹಿಂದಿನವರು ಹಚ್ಚಿದ ಕಪ್ಪು ಶಾಯಿ ಇದೆ. ಮುಖಪುಟ ತೆರೆದು ಒಳಬದಿ ನೋಡಿದರೆ ಶಾಯಿ ಇಳಿದದ್ದು ಕಾಣುತ್ತೆ. ಪಟ್ಟಿಯಲ್ಲಿ ಅದನ್ನು ದಪ್ಪಕ್ಷರದಲ್ಲಿ ಬರೆದಿದ್ದೇನೆ, ಮಾರುವಾಗ ಆ ಸಾಲು ಚಿತ್ರದ ಜೊತೆಗೇ ಹೋಗುತ್ತೆ.

ಹೊಸ ಮನೆ

ಬೆಲೆಯ ಸಂಚಿಕೆಗಳಿಗೆ ಪಾಲಿಯೆಸ್ಟರ್ ಹಾಳೆಯ ಚೀಲ, ಸಂಗ್ರಾಹಕರ ಬಾಯಲ್ಲಿ ಮೈಲಾರ್. ಅದು ಕಾಲಕ್ಕೆ ಕೆಡುವುದಿಲ್ಲ, ಏನನ್ನೂ ಹೊರಬಿಡುವುದಿಲ್ಲ. ಉಳಿದವಕ್ಕೆ ಪಾಲಿಪ್ರೊಪಿಲೀನ್, ಕೆಲವು ವರ್ಷಕ್ಕೊಮ್ಮೆ ಬದಲಿಸುವ ನಿಯಮದ ಜೊತೆ. ಹಿಂದಿಡುವ ರಟ್ಟು ಪೂರ್ತಿ ಹುಳಿಯಿಲ್ಲದ್ದಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆತದ್ದಾಗಿರಬೇಕು. ಮೇಲ್ಮೈಗೆ ಮಾತ್ರ ಲೇಪ ಇರುವ ಅಗ್ಗದ ರಟ್ಟು ಕೆಲ ಕಾಲದಲ್ಲಿ ತಾನೇ ಹುಳಿಯಾಗುತ್ತೆ. ಈ ಪೆಟ್ಟಿಗೆಯ ಕಂದು ರಟ್ಟುಗಳೇ ಅದಕ್ಕೆ ಸಾಕ್ಷಿ. ಪುಸ್ತಕ ನೆಟ್ಟಗೆ ನಿಲ್ಲಬೇಕು, ಓರೆಯಾಗಿ ವಾಲಬಾರದು, ಬಿಗಿಯಾಗಿ ತುರುಕಲೂಬಾರದು. ತೇವಾಂಶ ಶೇಕಡ 50ರ ಒಳಗೆ, ಏರಿಳಿತ ಇಲ್ಲದೆ. ಕತ್ತಲೆ.

ಈಗ ಬೆಲೆ

1970ರಿಂದ ಬರುತ್ತಿರುವ ಓವರ್‌ಸ್ಟ್ರೀಟ್ ಬೆಲೆ ಕೈಪಿಡಿ ದಿಕ್ಕು ತೋರಿಸುತ್ತೆ, ಆದರೆ ವರ್ಷಕ್ಕೊಮ್ಮೆ ಅಚ್ಚಾಗುವ ಪುಸ್ತಕ ಸಿನಿಮಾ ಸುದ್ದಿಗೆ ವಾರದಲ್ಲಿ ಏರಿ ಇಳಿಯುವ ಬೆಲೆಯನ್ನು ಹಿಡಿಯಲಾರದು. ನಾನು ನಂಬುವುದು ಮುಗಿದ ಮಾರಾಟಗಳನ್ನು. ಕೇಳುವ ಬೆಲೆ ಬೆಲೆಯಲ್ಲ. ಈಬೇಯಲ್ಲಿ ‘ಮಾರಾಟವಾದವು’ ಎಂಬ ಆಯ್ಕೆ ಒತ್ತಿದ ಮೇಲೆ ಕಾಣುವುದೇ ಬೆಲೆ. ಅದೇ ಸಂಚಿಕೆ, ಅದೇ ದರ್ಜೆ, ಡಬ್ಬಿಯಲ್ಲಿ ಮುಚ್ಚಿದ್ದಕ್ಕೆ ಮುಚ್ಚಿದ್ದು, ಬಿಡಿ ಪ್ರತಿಗೆ ಬಿಡಿ ಪ್ರತಿ. ಇತ್ತೀಚಿನ ಹಲವು ಮಾರಾಟಗಳನ್ನು ತೆಗೆದುಕೊಂಡು, ತೀರ ಮೇಲಿನದು, ತೀರ ಕೆಳಗಿನದು ಬಿಟ್ಟು, ನಡುವಿನದನ್ನು ಬರೆದುಕೊಳ್ಳುತ್ತೇನೆ. ಬಿಡಿ ಪ್ರತಿಗಳ ಚಿತ್ರವನ್ನೂ ತೆರೆದು ನೋಡಬೇಕು, ಮಾರುವವರು ಬರೆದ ದರ್ಜೆ ಅವರ ಆಸೆಯೂ ಆಗಿರಬಹುದು.

ದರ್ಜೆಗೆ ಕಳಿಸಬೇಕೇ ಎಂಬ ತೀರ್ಮಾನಕ್ಕೆ ನನ್ನ ಲೆಕ್ಕ: ನಿರೀಕ್ಷಿತ ದರ್ಜೆಯ ಮಾರಾಟ ಬೆಲೆಯಿಂದ ದರ್ಜೆ ಶುಲ್ಕ, ಒತ್ತುವ ಖರ್ಚು, ಎರಡೂ ಕಡೆಯ ಅಂಚೆ ಮತ್ತು ವಿಮೆ, ಮಾರುವ ಜಾಲತಾಣದ ಪಾಲು ಇಷ್ಟನ್ನೂ ಕಳೆ. ಆಮೇಲೆ ಅದೇ ಲೆಕ್ಕವನ್ನು ಒಂದು ದರ್ಜೆ ಕೆಳಗೆ ಮತ್ತೆ ಮಾಡು. ಎರಡನೆಯ ಉತ್ತರವೂ ಬಿಡಿ ಪ್ರತಿಯ ಬೆಲೆಗಿಂತ ಹೆಚ್ಚಿದ್ದರೆ ಮಾತ್ರ ಕಳಿಸು. 9.4, 9.6, 9.8 ನಡುವೆ ಬೆಲೆ ಮೆಟ್ಟಿಲಿನಂತೆ ಅಲ್ಲ, ಗೋಡೆಯಂತೆ ಏರುತ್ತೆ. ಒಂದು ಟಿಕ್ ಕಣ್ಣು ತಪ್ಪಿದರೂ ಲೆಕ್ಕ ಮಗುಚುತ್ತೆ. ಈ ಜರಡಿಯಲ್ಲಿ ಉಳಿದವು 94, 101, 129, ಟೈಟನ್ಸ್ 2 ಮತ್ತು ನ್ಯೂ ಮ್ಯೂಟೆಂಟ್ಸ್ 98. ಟೈಟನ್ಸ್ 2 ಖಳ ಡೆತ್‌ಸ್ಟ್ರೋಕ್ ಮೊದಲು ಬಂದ ಸಂಚಿಕೆ, ಈ ಪ್ರತಿ ಎಷ್ಟು ಚೊಕ್ಕವಾಗಿದೆಯೆಂದರೆ ಒತ್ತುವುದೂ ಬೇಕಿಲ್ಲ.

ಎಕ್ಸ್-ಫೋರ್ಸ್ 1ರ ಪ್ರತಿಗಳು ಇನ್ನೂ ಮುಚ್ಚಿದ ಚೀಲದಲ್ಲೇ ಇವೆ, ಒಳಗೆ ಕಾರ್ಡ್ ಸಮೇತ. ಅವಕ್ಕೆ ಬೆಲೆ ಇಲ್ಲ, ಬರುವ ಹಾಗೂ ಕಾಣುವುದಿಲ್ಲ. ಅದೇ 1991ರಲ್ಲಿ ಜಿಮ್ ಲೀ ಚಿತ್ರದ ಹೊಸ ಸರಣಿಯ ಎಕ್ಸ್-ಮೆನ್ 1 ಐದು ಮುಖಪುಟಗಳಲ್ಲಿ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಕೊಂಡವರೆಲ್ಲ ಅವನ್ನು ಜೋಪಾನವಾಗಿ ಇಟ್ಟರು. ಎಲ್ಲರೂ ಇಟ್ಟ ಪುಸ್ತಕವನ್ನು ಯಾರೂ ಹುಡುಕಬೇಕಾಗಿಲ್ಲ. ಈ ಚೀಲ ಒಡೆದು ಮಕ್ಕಳಿಗೆ ಓದಲು ಕೊಡುವುದೇ ಸರಿ.

ಉಳಿದದ್ದು 108ರಿಂದ 143ರವರೆಗಿನ ಕ್ಲೇರ್‌ಮಾಂಟ್–ಬರ್ನ್ ಸಾಲು. ಬೆಲೆಯ ಸಂಚಿಕೆಗಳನ್ನು ಮಾತ್ರ ಕಿತ್ತು ಮಾರಿದರೆ ಕೈಗೆ ಬೇಗ ಹಣ ಬರುತ್ತೆ, ಆಮೇಲೆ ಉಳಿಯುವ ತುಂಡು ಸಾಲನ್ನು ಕೇಳುವವರಿರುವುದಿಲ್ಲ. ಸಾಲನ್ನು ಒಡೆಯಬಾರದು ಎಂದೇ ನನ್ನ ತೀರ್ಮಾನ. 129 ದರ್ಜೆಗೆ ಹೋಗುವುದರಿಂದ ಅದರ ಜಾಗಕ್ಕೆ ಓದಲು ಬರುವ ಇನ್ನೊಂದು ಪ್ರತಿ ಬೇಕು. 109, 118, 133 ಮೊದಲೇ ಇಲ್ಲ. ಮೂರೂ ನೆರೆಯ ಸಂಚಿಕೆಗಳಿಗೆ ಹೊಂದುವಂತೆ 6.0ರಿಂದ 7.0ರ ಒಳಗೆ ಸಿಕ್ಕರೆ ಸಾಕು, ಅದಕ್ಕಿಂತ ಚೊಕ್ಕದ್ದಕ್ಕೆ ಹಣ ಸುರಿಯುವುದಿಲ್ಲ. ಮಾರುವವರಿಗೆ ಕಳಿಸುವ ಪ್ರಶ್ನೆ ಸಿದ್ಧವಾಗಿದೆ: ನಡುಹಾಳೆ ತೆರೆದು ಎರಡೂ ಪಿನ್ನು ಕಾಣುವ ಚಿತ್ರ, ಬೆನ್ನಿನ ಒಳಬದಿಯ ಚಿತ್ರ, ಹಾಳೆ ಎಣಿಸಿದ ಲೆಕ್ಕ.